ನಂಬಿಕೆ ಎಚ್ಚರಗೊಂಡಾಗ ನಿಮ್ಮ ಸಂಗೀತವನ್ನು ಏನು ಮಾಡಬೇಕು?

ಚಿಕ್ಕಂದಿನಿಂದ ಸಂಗೀತದ ಹುಚ್ಚು ಇರುವವರಿಗೆ ಕ್ರಿಸ್ತನಲ್ಲಿ ನಂಬಿಕೆ ಮೂಡಿದಾಗ ಸಂತೋಷದ ಜೊತೆಗೇ ಒಂದು ಗೊಂದಲವೂ ಶುರುವಾಗುತ್ತದೆ. ಇಷ್ಟು ದಿನ ಕೇಳಿದ, ಹಾಡಿದ, ನುಡಿಸಿದ ಹಾಡುಗಳನ್ನೆಲ್ಲ ಇಟ್ಟುಕೊಳ್ಳಬೇಕಾ, ಬಿಡಬೇಕಾ? ಆರಾಧನೆಯಲ್ಲಿ ಹಾಡುವಾಗ ಮೈ ಜುಮ್ಮೆನ್ನುತ್ತದಲ್ಲ, ಅದು ಪವಿತ್ರಾತ್ಮನ ಕೆಲಸವಾ, ಒಳ್ಳೆಯ ರಾಗದ ಕೆಲಸವಾ? ನಾಳೆ ಬೆಳಿಗ್ಗೆ ಅದೇ ಹಾಡು ಕೇಳಿ ಏನೂ ಆಗದಿದ್ದರೆ ನಂಬಿಕೆಯೇ ಹೋಯಿತು ಅಂತ ಅರ್ಥವಾ?

ಇಂಥ ಗೊಂದಲದಲ್ಲಿ ಇರುವವರಿಗಾಗಿ ಈ ಲೇಖನ. ನಂಬಿಕೆಗೆ ಹೊಸಬರಾಗಿರಬಹುದು, ಅಥವಾ ವರ್ಷಗಟ್ಟಲೆ ಸುಮ್ನೆ ಸಭೆಗೆ ಹೋಗಿ ಬರುತ್ತಿದ್ದು ಈಗ ಮನಸ್ಸು ಎಚ್ಚರಗೊಂಡಿರಬಹುದು. ನನ್ನ ಸಲಹೆ ಇಷ್ಟೇ: ಸಂಗೀತವನ್ನು ಬಿಡಬೇಡಿ, ಅದಕ್ಕೆ ಪ್ರಾರ್ಥನೆಯಲ್ಲಿ ಒಂದು ಕೆಲಸ ಕೊಡಿ. ಹಾಡುವಾಗ ಎಷ್ಟು ಮನ ಕರಗಿತು ಅನ್ನುವುದನ್ನು ಜಾಸ್ತಿ ಲೆಕ್ಕ ಹಾಕಬೇಡಿ. ಹಾಡು ಮುಗಿದ ಮೇಲೆ ಅದರ ಮಾತು ನಿಮ್ಮ ಬಾಯಲ್ಲಿ, ನಿಮ್ಮ ನಡತೆಯಲ್ಲಿ ಉಳಿಯಿತಾ ಅಂತ ನೋಡಿ. ಅದಕ್ಕೆ ದಾರಿ ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಅವಸರ ಬೇಡ

ನಂಬಿಕೆ ಹೊಸದಾಗಿ ಬಿಸಿಯಾಗಿರುವ ದಿನಗಳಲ್ಲಿ ಎರಡು ಆಸೆ ಬರುತ್ತವೆ. ಹಳೆಯ ಹಾಡುಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಅಳಿಸಿಹಾಕುವ ಆಸೆ ಒಂದು. ತಕ್ಷಣ ವೇದಿಕೆ ಹತ್ತಿ ಸಾಕ್ಷಿ ಹಾಡುವ ಆಸೆ ಇನ್ನೊಂದು. ಎರಡನ್ನೂ ಸ್ವಲ್ಪ ತಡೆಯಿರಿ.

18ನೇ ಶತಮಾನದ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್ ಕಥೆಯನ್ನು ಅನೇಕರು ಅರ್ಧ ಮಾತ್ರ ಕೇಳಿರುತ್ತಾರೆ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವ ಹಂತಕ್ಕೆ ಬಂದಾಗ ಅವರು ದೇವರ ಕರುಣೆಗಾಗಿ ಮೊರೆಯಿಟ್ಟರು. ಆ ದಿನವನ್ನು ಸಾಯುವವರೆಗೂ ಮರೆಯಲಿಲ್ಲ. ಆದರೆ ಆಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕ್ಯಾಪ್ಟನ್ ಆಗಿ ದುಡಿದರು. ಸಮುದ್ರಯಾನ ಬಿಟ್ಟಿದ್ದು 1754ರಲ್ಲಿ, ಅದೂ ಆರೋಗ್ಯ ಕೈಕೊಟ್ಟಿದ್ದಕ್ಕೆ. ‘ಅಮೇಜಿಂಗ್ ಗ್ರೇಸ್’ ಅಂತ ಇಂದು ಎಲ್ಲರಿಗೂ ಗೊತ್ತಿರುವ ಗೀತೆಯನ್ನು ಅವರು ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾಗಿದ್ದಾಗ, 1773ರ ಹೊಸ ವರ್ಷದ ದಿನಕ್ಕೆಂದು ಬರೆದರು. ಗುಲಾಮರ ವ್ಯಾಪಾರದ ವಿರುದ್ಧ, ತಮ್ಮ ಪಾಪವನ್ನೂ ಒಪ್ಪಿಕೊಂಡು, ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯ ಮೊರೆಗೂ ಆ ಬರಹಕ್ಕೂ ನಡುವೆ 40 ವರ್ಷ!

ಹಾಗಾಗಿ ನಿಮ್ಮ ಒಳಗಿನ ಎಲ್ಲವೂ ಈ ತಿಂಗಳಲ್ಲೇ ಸರಿಹೋಗಬೇಕು, ಈ ತಿಂಗಳಲ್ಲೇ ಹಾಡಾಗಬೇಕು ಅಂತ ಹಟ ಮಾಡಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಹಾಡಿನ ಯಾವ ಸಾಲು ಮನಸ್ಸನ್ನು ಹಿಡಿಯಿತು, ಅದು ಬೈಬಲಿನ ಯಾವ ಮಾತನ್ನು ನೆನಪಿಸಿತು, ಅಷ್ಟನ್ನು ಬರೆದಿಡಿ. ಸದ್ಯಕ್ಕೆ ಅಷ್ಟು ಸಾಕು.

ಎರಡನೆಯದು: ಹಳೆಯ ಹಾಡುಗಳ ಜೊತೆ ಕೂತು ಮಾತಾಡಿ

ಸಭೆಯ ಹಾಡುಗಳನ್ನು ಬಿಟ್ಟು ಬೇರೇನೂ ಕೇಳಬಾರದು ಅನ್ನುವವರಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ರಾಗ ಎಲ್ಲಿಂದ ಬಂತು ಅನ್ನುವುದೇ ಅದರ ತಪ್ಪಾಗುವುದಿಲ್ಲ. ಶುಭ ಶುಕ್ರವಾರದಂದು ಯೇಸುವಿನ ಮುಳ್ಳಿನ ಕಿರೀಟವನ್ನು ನೆನೆದು ಹಾಡುವ ಪ್ರಸಿದ್ಧ ಜರ್ಮನ್ ಗೀತೆಯ ರಾಗ 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಎಂಬ ಸಂಗೀತಗಾರರ ಒಂದು ಪ್ರೇಮಗೀತೆಯಾಗಿ ಹೊರಬಂದಿತ್ತು. ಅದನ್ನೇ ಜರ್ಮನ್ ಸಂಗೀತಗಾರ ಬಾಖ್, ಯೇಸುವಿನ ಶ್ರಮೆ-ಮರಣವನ್ನು ಹಾಡುವ ತಮ್ಮ ‘ಸಂತ ಮತ್ತಾಯನ ಪ್ಯಾಶನ್’ ಕೃತಿಯಲ್ಲಿ ಐದು ಸಲ ಬಳಸಿದರು. ಅದೇ ಬಾಖ್ 1733ರಲ್ಲಿ ಒಬ್ಬ ರಾಣಿಯ ಹುಟ್ಟುಹಬ್ಬಕ್ಕೆ ಬರೆದ ಮೇಳಗಾನವನ್ನು ಮರುವರ್ಷ ತಮ್ಮ ಕ್ರಿಸ್ಮಸ್ ಸಂಗೀತಕೃತಿಯ ಆರಂಭದ ಹಾಡಾಗಿ ಬದಲಿಸಿದರು. ಡೋಲು, ತುತ್ತೂರಿ ಎಲ್ಲ ಹಾಗೇ ಉಳಿದವು, ಮಾತು ಮಾತ್ರ ಹೊಸದು.

ಆದರೆ ಮಾತು ಮುಖ್ಯ, ಅಲ್ವಾ? ಹಾಗಾಗಿ ನಿಮ್ಮ ಹಳೆಯ ಹಾಡುಗಳನ್ನು ದಿನಕ್ಕೆ ಒಂದೋ ಎರಡೋ ಮಾತ್ರ, ಬೇರೆ ಕೆಲಸ ಮಾಡದೆ, ಪೂರ್ತಿ ಕೇಳಿ. ಇದು ಯಾವುದನ್ನು ಪ್ರೀತಿಸಲು ನನ್ನನ್ನು ಕರೆಯುತ್ತಿದೆ ಅಂತ ಕೇಳಿಕೊಳ್ಳಿ. ಕೆಲವು ಹಾಡುಗಳು ಒಳ್ಳೆಯ ದುಃಖವನ್ನೋ ಸ್ನೇಹವನ್ನೋ ಮಳೆಯನ್ನೋ ಹಾಡುತ್ತವೆ. ಅವು ದೇವರ ಹೆಸರೆತ್ತದಿದ್ದರೂ ದೇವರು ಕೊಟ್ಟ ಬದುಕಿನ ಬಗ್ಗೆಯೇ ಹಾಡುತ್ತವೆ. ಅವನ್ನು ಕೃತಜ್ಞತೆಯಿಂದ ಇಟ್ಟುಕೊಳ್ಳಿ. ಇನ್ನು ಕೆಲವು ನಿಮ್ಮನ್ನು ನೀವು ಬಿಟ್ಟುಬಂದ ಜಾಗಕ್ಕೇ ಎಳೆದೊಯ್ಯುತ್ತವೆ. ಯಾವುದು ಹಾಗೆ ಎಳೆಯುತ್ತದೆ ಅಂತ ನಿಮಗೇ ಗೊತ್ತಿರುತ್ತದೆ. ಕುಡಿತ ಬಿಟ್ಟವರಿಗೆ, ಒಂದು ಕೆಟ್ಟ ಸಂಬಂಧದಿಂದ ಹೊರಬಂದವರಿಗೆ ಒಂದು ಹಾಡಿನ ಮೊದಲ ನಾಲ್ಕು ಸ್ವರಗಳೇ ಸಾಕು. ಅಂಥದ್ದನ್ನು ಬದಿಗಿಡಿ, ಚರ್ಚೆ ಬೇಡ. ಇದೇ ಹಾಡು ಪಕ್ಕದವರಿಗೆ ಏನೂ ಮಾಡದಿರಬಹುದು, ಅವರಿಗೆ ನಿಮ್ಮ ಪಟ್ಟಿಯನ್ನು ಹೇರಬೇಡಿ.

ಮೂರನೆಯದು: ಮೈ ಜುಮ್ಮೆನ್ನುವುದನ್ನು ಅರ್ಥ ಮಾಡಿಕೊಳ್ಳಿ

ಸಂಗೀತ ಕೇಳಿ ರೋಮಾಂಚನವಾಗುವಾಗ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ದನಿ ಇದ್ದಕ್ಕಿದ್ದಂತೆ ಏರಿದಾಗ, ಹೊಸ ಕಂಠ ಸೇರಿಕೊಂಡಾಗ, ನಿರೀಕ್ಷಿಸದ ಸ್ವರ ಬಂದಾಗ ಹೀಗಾಗುವುದು ಸಾಮಾನ್ಯ. ಇಂದಿನ ಅನೇಕ ಆರಾಧನಾ ಗೀತೆಗಳು ಮೆಲ್ಲಗೆ ಶುರುವಾಗಿ, ನಡುವೆ ಡ್ರಮ್ಸ್ ಏರುತ್ತಾ ಹೋಗಿ, ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಬರುವಂತೆ ಕಟ್ಟಿರುತ್ತವೆ. ನಮ್ಮ ದೇಹ ಅದಕ್ಕೆ ಸ್ಪಂದಿಸುತ್ತದೆ. ನಂಬಿಕೆಯಿಲ್ಲದವರಿಗೂ ಒಳ್ಳೆಯ ಸಂಗೀತ ಕಛೇರಿಯಲ್ಲಿ ಇದೇ ಆಗುತ್ತದೆ. ಇದನ್ನು ತಿಳಿದುಕೊಂಡರೆ ನಂಬಿಕೆಗೆ ಯಾವ ಕುಂದೂ ಬರುವುದಿಲ್ಲ. ದೇಹವನ್ನು ಮಾಡಿದವನು ದೇವರೇ ತಾನೆ?

ಈ ಪ್ರಶ್ನೆ ಹೊಸದೇನಲ್ಲ. ಆದಿಸಭೆಯ ಪ್ರಸಿದ್ಧ ಚಿಂತಕ ಅಗಸ್ಟೀನ್ 387ರ ಈಸ್ಟರ್‌ನಲ್ಲಿ ಮಿಲಾನ್ ನಗರದಲ್ಲಿ ಬಿಷಪ್ ಆ್ಯಂಬ್ರೋಸ್ ಅವರಿಂದ ದೀಕ್ಷಾಸ್ನಾನ ಪಡೆದರು. ಆ ದಿನಗಳಲ್ಲಿ ಅಲ್ಲಿನ ಸಭೆಯ ಹಾಡುಗಳನ್ನು ಕೇಳಿ ಎಷ್ಟು ಅತ್ತೆ, ಆ ಕಣ್ಣೀರು ಎಷ್ಟು ಹಿತವಾಗಿತ್ತು ಅಂತ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಮುಂದೆ ಇನ್ನೊಂದು ಮಾತನ್ನೂ ಹೇಳುತ್ತಾರೆ. ಹಾಡಿನ ವಿಷಯಕ್ಕಿಂತ ಹಾಡುಗಾರಿಕೆಯೇ ತಮ್ಮನ್ನು ಹೆಚ್ಚು ಅಲುಗಾಡಿಸಿದಾಗ ಅದನ್ನು ಪಾಪವೆಂದೇ ಎಣಿಸುತ್ತೇನೆ, ಆಗ ಹಾಡು ಕೇಳದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ ಅನ್ನುತ್ತಾರೆ. ಹಾಗಿದ್ದೂ ಸಭೆಯಲ್ಲಿ ಹಾಡುವುದು ಬೇಕು ಅನ್ನುವ ಕಡೆಗೇ ಅವರ ಮನಸ್ಸು ವಾಲಿತು. ಅಳು ಬಂದವರಿಗೂ, ಆ ಅಳುವನ್ನು ಅನುಮಾನಿಸುವವರಿಗೂ ಅವರು ಒಳ್ಳೆಯ ಜೊತೆಗಾರ.

ಪರೀಕ್ಷೆ ಸುಲಭ. ಸಭೆಯಲ್ಲಿ ನಿಮ್ಮನ್ನು ಕಲಕಿದ ಹಾಡಿನ ಮಾತುಗಳನ್ನು ಮರುದಿನ ಒಂದು ಹಾಳೆಯಲ್ಲಿ ಬರೆಯಿರಿ. ರಾಗವಿಲ್ಲದೆ, ಸಾಧಾರಣ ದನಿಯಲ್ಲಿ, ದೇವರ ಮುಂದೆ ಓದಿ. ಪ್ರತಿ ಸಾಲನ್ನೂ ಪ್ರಾರ್ಥನೆಯಾಗಿ ಹೇಳಲು ಸಾಧ್ಯವಾ? ಇದು ಸತ್ಯವಾ? ನಾನು ಇದನ್ನು ನಂಬುತ್ತೇನಾ? ಕೆಲವು ಹಾಡುಗಳು ಓದಿದಾಗ ಇನ್ನಷ್ಟು ತೂಕ ಪಡೆಯುತ್ತವೆ. ಕೆಲವು ಬರೀ ‘ನಾನು, ನನಗೆ’ ಅಂತ ಸುತ್ತುತ್ತಾ ಇರುತ್ತವೆ, ದೇವರು ಏನು ಮಾಡಿದನು ಅನ್ನುವುದೇ ಅಲ್ಲಿರುವುದಿಲ್ಲ. ಎರಡನೆಯ ಥರದ್ದನ್ನು ಬಿಡಿ ಅಂತ ಹೇಳುತ್ತಿಲ್ಲ. ಆದರೆ ದಿನಾ ಊಟದ ಹಾಗೆ ಸೇವಿಸುವ ಹಾಡು ಮೊದಲನೆಯ ಥರದ್ದಾಗಿರಲಿ.

ನಾಲ್ಕನೆಯದು: ಕೀರ್ತನೆಗಳನ್ನು ಹಾಡಲು ಕಲಿಯಿರಿ

ಈ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಹಿಡಿಯುವುದಾದರೆ ಇದನ್ನು ಹಿಡಿಯಿರಿ. ಬೈಬಲಿನ ಮಧ್ಯದಲ್ಲಿ 150 ಹಾಡುಗಳ ಒಂದು ಪುಸ್ತಕವಿದೆ, ಅದೇ ಕೀರ್ತನೆಗಳು. ನಾವು ಅದನ್ನು ಓದುತ್ತೇವೆ, ಆದರೆ ಅವು ಹಾಡಲೆಂದೇ ಇದ್ದವು. ಅನೇಕ ಕೀರ್ತನೆಗಳ ತಲೆಬರಹದಲ್ಲಿ ಪ್ರಧಾನಗಾಯಕನ ಉಲ್ಲೇಖ, ತಂತಿವಾದ್ಯದ ಸೂಚನೆ ಇದೆ. ಯೇಸು ಸೆರೆಸಿಕ್ಕ ಆ ರಾತ್ರಿ, ಅದಕ್ಕೂ ಮುಂಚೆ, ಅವರೂ ಶಿಷ್ಯರೂ ಊಟ ಮುಗಿಸಿ, ಹಾಡಿ, ಆಮೇಲೆ ಎಣ್ಣೆಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯ ಬರೆಯುತ್ತಾನೆ.

130ನೇ ಕೀರ್ತನೆಯಿಂದ ಶುರು ಮಾಡಿ. ಎಂಟೇ ವಚನ. ಆಳದೊಳಗಿನಿಂದ ಒಬ್ಬನು ಕೂಗುತ್ತಾನೆ, ಕ್ಷಮೆ ಕೇಳುತ್ತಾನೆ, ಆಮೇಲೆ ಕಾಯುತ್ತಾನೆ. 16ನೇ ಶತಮಾನದ ಸಭಾ ಸುಧಾರಕ ಮಾರ್ಟಿನ್ ಲೂಥರ್ ಇದನ್ನು ಜರ್ಮನ್ ಗೀತೆಯಾಗಿ ಬರೆದರು. ಎಂಟೇ ಹಾಡುಗಳಿದ್ದ 1524ರ ಮೊದಲ ಲೂಥರನ್ ಗೀತಪುಸ್ತಕದಲ್ಲೇ ಅದು ಸೇರಿತು. ಮೆಥೊಡಿಸ್ಟ್ ಸಭೆಯ ಚಳವಳಿ ಶುರು ಮಾಡಿದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿ 1738ರ ಮೇ 24ರ ಮಧ್ಯಾಹ್ನ ಲಂಡನ್ನಿನ ಸಂತ ಪೌಲರ ದೇವಾಲಯಕ್ಕೆ ಹೋದಾಗ ಗಾಯನ ಮಂಡಳಿ ಹಾಡುತ್ತಿದ್ದುದು ಇದೇ ಕೀರ್ತನೆಯನ್ನು. ಅದೇ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಅಂತ ವೆಸ್ಲಿ ದಿನಚರಿಯಲ್ಲಿ ಬರೆದರು. ಮಧ್ಯಾಹ್ನದ ಹಾಡು ನೆಲ ಹದ ಮಾಡಿತ್ತು ಅಂತ ನನಗೆ ಅನ್ನಿಸುತ್ತದೆ.

ಹಾಡುವುದು ಹೇಗೆ? ಸಂಗೀತ ಕಲಿತಿರಬೇಕಿಲ್ಲ. ನಿಮಗೆ ಆರಾಮಾದ ಒಂದು ‘ಸ’ ಹಿಡಿಯಿರಿ. ಅಲ್ಲಿಂದ ‘ಗ’ಕ್ಕೆ ಹೋಗಿ. ವಚನದ ಮಾತುಗಳನ್ನೆಲ್ಲ ಆ ‘ಗ’ದ ಮೇಲೇ, ಮಾತಾಡುವ ವೇಗದಲ್ಲೇ ಹಾಡಿ. ಹೆಚ್ಚುಕಡಿಮೆ ಎಲ್ಲ ವಚನಗಳಿಗೂ ಎರಡು ಭಾಗ ಇರುತ್ತವೆ. ಮೊದಲ ಭಾಗದ ಕೊನೆಯ ಪದದಲ್ಲಿ ಗ-ರಿ-ಗ ಅಂತ ಒಮ್ಮೆ ಇಳಿದು ಹತ್ತಿ. ನಿಲ್ಲಿಸಿ, ಪೂರ್ತಿ ಉಸಿರು ತೆಗೆದುಕೊಳ್ಳಿ. ಎರಡನೇ ಭಾಗವನ್ನೂ ‘ಗ’ದ ಮೇಲೆ ಹಾಡಿ, ಕೊನೆಯ ಪದದಲ್ಲಿ ಗ-ರಿ-ಸ ಅಂತ ಇಳಿದು ಮುಗಿಸಿ.

ಉದಾಹರಣೆಗೆ ಆರನೇ ವಚನದ ಭಾವವನ್ನೇ ತೆಗೆದುಕೊಳ್ಳಿ: ಕಾವಲುಗಾರರು ಬೆಳಗನ್ನು ಎದುರುನೋಡುವುದಕ್ಕಿಂತ ಹೆಚ್ಚಾಗಿ, ನನ್ನ ಮನಸ್ಸು ಕರ್ತನನ್ನು ಕಾಯುತ್ತದೆ. ‘ಹೆಚ್ಚಾಗಿ’ಯ ಮೇಲೆ ಗ-ರಿ-ಗ. ಉಸಿರು. ‘ಕಾಯುತ್ತದೆ’ಯ ಮೇಲೆ ಗ-ರಿ-ಸ. ನಿಮ್ಮ ಕೈಯಲ್ಲಿರುವ ಬೈಬಲಿನ ಮಾತುಗಳನ್ನೇ ಹೀಗೆ ಕೂರಿಸಿ. ಆ ವಚನದಲ್ಲಿ ಬೆಳಗು ಕಾಯುವ ಕಾವಲುಗಾರರ ಮಾತು ಎರಡು ಸಲ ಬರುತ್ತದೆ. ಓದುವಾಗ ಎರಡನೆಯದನ್ನು ಕಣ್ಣು ಹಾರಿಸಿಬಿಡುತ್ತದೆ. ಹಾಡುವಾಗ ಹಾರಿಸಲು ಆಗುವುದಿಲ್ಲ, ನೀವೂ ಕಾಯಲೇಬೇಕು. ಮಧ್ಯದ ಉಸಿರನ್ನು ಮಾತ್ರ ಕದಿಯಬೇಡಿ. ಪ್ರಾರ್ಥನೆಯ ಅರ್ಧ ಕೆಲಸ ಆ ನಿಲುಗಡೆಯಲ್ಲೇ ಆಗುತ್ತದೆ. ಶತಮಾನಗಳಿಂದ ಮಠಗಳಲ್ಲಿ ಸನ್ಯಾಸಿಗಳು ಕೀರ್ತನೆಗಳನ್ನು ಹಾಡುತ್ತಾ ಬಂದಿರುವುದು ಇದೇ ಬಗೆಯ ಸರಳ ಸ್ವರಗಳಲ್ಲಿ.

ಒಂದು ವಾರ ಒಂದೇ ಕೀರ್ತನೆ ಇರಲಿ. ದಿನಾ ಬೇರೆ ಬೇರೆ ಹಾಡುವ ಆಸೆಗೆ ಬೀಳಬೇಡಿ. ಆಮೇಲೆ 103, 51, 23 ಹೀಗೆ ಮುಂದುವರಿಯಿರಿ. ಮನೆಯಲ್ಲಿ ಇನ್ನೊಬ್ಬರು ಇದ್ದರೆ 136 ಹಾಡಿ. ಅದರ 26 ವಚನಗಳಲ್ಲೂ ದೇವರ ಕೃಪೆ ಶಾಶ್ವತ ಅನ್ನುವ ಪಲ್ಲವಿ ಬರುತ್ತದೆ. ಒಬ್ಬರು ವಚನ ಹಾಡಲಿ, ಇನ್ನೊಬ್ಬರು ಪಲ್ಲವಿ ಹಿಡಿಯಲಿ. ಮಕ್ಕಳಿಗೆ ಇದು ತುಂಬ ಇಷ್ಟವಾಗುತ್ತದೆ.

ಅಳುವ ಹಾಡನ್ನೂ ಕಲಿತಿಡಿ

ನಂಬಿಕೆಯ ಮೊದಲ ದಿನಗಳ ಉತ್ಸಾಹ ಇಳಿಯುತ್ತದೆ. ಎಲ್ಲರಿಗೂ ಇಳಿಯುತ್ತದೆ. ಆಗ ಬರೀ ಜಯಘೋಷದ ಹಾಡುಗಳೇ ಗೊತ್ತಿದ್ದರೆ ಬಾಯಿ ಕಟ್ಟಿಹೋಗುತ್ತದೆ, ನಾನೇ ಸರಿಯಿಲ್ಲ ಅನ್ನಿಸಿಬಿಡುತ್ತದೆ. 13ನೇ ಕೀರ್ತನೆ ‘ಎಷ್ಟರವರೆಗೆ’ ಅಂತ ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಯಲ್ಲೂ ಸಮಾಧಾನದ ಒಂದು ಸಾಲಿಲ್ಲ. ಆದರೂ ಅದು ದೇವರಿಗೇ ಹೇಳಿದ ಹಾಡು, ಬೈಬಲಿನಲ್ಲೇ ಇದೆ. ಪೌಲ ಮತ್ತು ಸೀಲ ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದಾಗ ಅವರ ಬೆನ್ನ ಮೇಲೆ ಹೊಡೆತದ ಗಾಯಗಳಿದ್ದವು, ಕಾಲುಗಳು ಕೋಳದಲ್ಲಿದ್ದವು. ಬಾಗಿಲು ತೆರೆದ ಮೇಲಲ್ಲ, ತೆರೆಯುವ ಮುಂಚೆಯೇ ಹಾಡಿದರು. ಹಾಡಲು ಆಗದ ದಿನ ಸಭೆಯಲ್ಲಿ ಸುಮ್ಮನೆ ನಿಂತುಕೊಳ್ಳಿ, ಉಳಿದವರು ನಿಮ್ಮ ಪರವಾಗಿ ಹಾಡಲಿ. ಅದಕ್ಕೇ ಅಲ್ವಾ ಸಭೆ ಇರುವುದು?

ಐದನೆಯದು: ಸಭೆಯ ಜೊತೆ ಹಾಡುವುದನ್ನು ಅಭ್ಯಾಸ ಮಾಡಿ

ಇಯರ್‌ಫೋನ್‌ನಲ್ಲಿ ಸಂಗೀತ ಕೇಳಿ ಬೆಳೆದವರಿಗೆ ಇದು ಕಷ್ಟದ ಹೆಜ್ಜೆ. ಪಕ್ಕದವರ ಶ್ರುತಿ ತಪ್ಪುತ್ತದೆ, ಕೀಬೋರ್ಡ್‌ನವರು ನಿಧಾನ ಮಾಡುತ್ತಾರೆ, ಕಿವಿ ಚುರುಕಿದ್ದಷ್ಟೂ ಕಿರಿಕಿರಿ ಜಾಸ್ತಿ. ಆದರೆ ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆಯುವಾಗ ಪೌಲ ಹೇಳುವ ಹಾಡು ದೇವರಿಗೂ ಸಲ್ಲುತ್ತದೆ, ಒಬ್ಬರಿಗೊಬ್ಬರು ಬುದ್ಧಿ ಹೇಳುವುದಕ್ಕೂ ಆಗುತ್ತದೆ. ಒಬ್ಬರಿಗೊಬ್ಬರು ಅಂದಮೇಲೆ ಪಕ್ಕದವರ ಕಂಠವೂ ಅದರಲ್ಲಿ ಸೇರಿತು.

1761ರಲ್ಲಿ ವೆಸ್ಲಿ ಹಾಡುವವರಿಗೆ ಕೆಲವು ಸೂಚನೆ ಕೊಟ್ಟರು. ಈಗಲೂ ಅವಕ್ಕಿಂತ ಒಳ್ಳೆಯ ಪಾಠ ನಾನು ಓದಿಲ್ಲ. ಎಲ್ಲರೂ ಹಾಡಿ, ಸುಸ್ತಾಗಿದೆ ಅಂತ ಬಿಡಬೇಡಿ. ಅರೆನಿದ್ದೆಯಲ್ಲಿ ಇರುವವರ ಹಾಗೆ ಗೊಣಗದೆ ಗಂಟಲು ಬಿಟ್ಟು ಹಾಡಿ. ಹಾಗಂತ ಉಳಿದವರ ದನಿ ಮುಚ್ಚಿಹೋಗುವಂತೆ ಕಿರುಚಬೇಡಿ. ತಾಳ ಬಿಟ್ಟು ಮುಂದೆ ಓಡಬೇಡಿ, ಹಿಂದೆ ಉಳಿಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಮಾತಿನಲ್ಲೂ ದೇವರ ಮೇಲೆ ಗಮನವಿರಲಿ, ದನಿಯ ಸೊಗಸಿಗೆ ಮನಸ್ಸು ಹಾರಿಹೋಗದಿರಲಿ. ಇವನ್ನು ಒಂದೊಂದು ಭಾನುವಾರಕ್ಕೆ ಒಂದರಂತೆ ಅಭ್ಯಾಸ ಮಾಡಿ ನೋಡಿ.

ನಿಮ್ಮ ಸಭೆಯ ಪದ್ಧತಿ ನಿಮ್ಮ ಅಭಿರುಚಿಗೆ ಹೊಂದದಿದ್ದರೆ ಸ್ವಲ್ಪ ತಾಳ್ಮೆ ಇರಲಿ. ಲೂಥರ್ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಾ ಸಂಗೀತವನ್ನು ದೇವರ ದೊಡ್ಡ ಕೊಡುಗೆ ಅಂದರು. ಅದೇ ಕಾಲದ ಸುಧಾರಕ, ಜೂರಿಕ್‌ನ ಜ್ವಿಂಗ್ಲಿ ಹಲವು ವಾದ್ಯ ನುಡಿಸಬಲ್ಲವರು, ಆದರೂ ಆರಾಧನೆಯಿಂದ ಸಂಗೀತವನ್ನೇ ತೆಗೆದರು. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಅವರ ಜಿನೀವಾದಲ್ಲಿ ವಾದ್ಯವಿಲ್ಲದೆ, ಎಲ್ಲರೂ ಒಟ್ಟಿಗೆ ಒಂದೇ ರಾಗದಲ್ಲಿ ಕೀರ್ತನೆ ಹಾಡಿದರು. 1562ರ ಹೊತ್ತಿಗೆ 150 ಕೀರ್ತನೆಗಳೂ ಪದ್ಯರೂಪದಲ್ಲಿ ಸಿದ್ಧವಾದವು. ಎಲ್ಲರೂ ಒಂದೇ ಬೈಬಲ್ ಓದಿದವರು.

ಆರನೆಯದು: ವಾದ್ಯ ನುಡಿಸುವವರಿಗೆ, ಗಾಯನ ತಂಡ ಸೇರುವವರಿಗೆ

ಒಂದಷ್ಟು ತಿಂಗಳು ಕೆಳಗೆ ಕೂತು ಹಾಡಿದ ಮೇಲೆ ವೇದಿಕೆಗೆ ಹೋಗಿ. ಸಭಾಪಾಲಕರೇ ಅವಸರ ಮಾಡಿದರೂ ಸಮಯ ಕೇಳಿ. ಕೆಳಗೆ ನಿಂತವರಿಗೆ ಯಾವ ಸ್ವರ ಎಟುಕುವುದಿಲ್ಲ, ಎಲ್ಲಿ ಉಸಿರು ಸಾಲುವುದಿಲ್ಲ ಅಂತ ಅಲ್ಲಿಂದಲೇ ಗೊತ್ತಾಗುವುದು.

ತಂಡದಲ್ಲಿ ಮೊದಲು ನೋಡಬೇಕಾದದ್ದು ಶ್ರುತಿ. ಧ್ವನಿಮುದ್ರಿತ ಹಾಡಿನ ಶ್ರುತಿ ಆ ಗಾಯಕರ ಕಂಠಕ್ಕೆ ಹೊಂದಿಸಿದ್ದು. ಸಾಮಾನ್ಯ ಜನಕ್ಕೆ ಸುಮಾರು ಕೆಳಗಿನ ‘ಎ’ಯಿಂದ ಮೇಲಿನ ‘ಡಿ’ವರೆಗೆ ಆರಾಮು. ಅದಕ್ಕೆ ತಕ್ಕಂತೆ ಇಳಿಸಿ. ನಿಮ್ಮ ದನಿ ಅಲ್ಲಿ ಅಷ್ಟು ಚೆನ್ನಾಗಿ ಕೇಳಿಸದಿದ್ದರೂ ಪರವಾಗಿಲ್ಲ. ಇನ್ನು, ಹಾಡಿನ ನಡುವೆ ಒಂದು ಚರಣವನ್ನು ವಾದ್ಯವಿಲ್ಲದೆ ಬಿಡಿ. ಜನ ಹಾಡುತ್ತಿದ್ದಾರಾ, ನಿಮ್ಮನ್ನು ನೋಡುತ್ತಾ ನಿಂತಿದ್ದಾರಾ ಅಂತ ಆಗ ಗೊತ್ತಾಗುತ್ತದೆ.

ಅಭ್ಯಾಸವೂ ಆರಾಧನೆಯೇ. ಬಾಖ್ ಅನೇಕ ಕೃತಿಗಳ ಶುರುವಿನಲ್ಲಿ ‘ಯೇಸುವೇ, ಸಹಾಯ ಮಾಡು’ ಅಂತಲೂ ಕೊನೆಯಲ್ಲಿ ‘ಮಹಿಮೆ ದೇವರೊಬ್ಬನಿಗೇ’ ಅಂತಲೂ ಲ್ಯಾಟಿನ್ ಅಕ್ಷರಗಳಲ್ಲಿ ಚುಟುಕಾಗಿ ಬರೆಯುತ್ತಿದ್ದರು. ನೀವೂ ವಾದ್ಯ ಕೈಗೆತ್ತಿಕೊಳ್ಳುವ ಮುಂಚೆ ಮೊದಲನೆಯದನ್ನು ಹೇಳಿ, ಕೆಳಗಿಡುವಾಗ ಎರಡನೆಯದನ್ನು. ನಡುವೆ ಸರಿಯಾಗಿ ಬರದ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ ನುಡಿಸಿ. ಭಕ್ತಿಯಿದೆ ಅಂತ ತಯಾರಿ ಇಲ್ಲದೆ ಹೋಗುವುದು ಸಭೆಗೆ ಮಾಡುವ ಅನ್ಯಾಯ. ಹಾಗೆಯೇ ಆಮೋಸನ ಐದನೇ ಅಧ್ಯಾಯವನ್ನು ತಂಡದವರೆಲ್ಲ ವರ್ಷಕ್ಕೊಮ್ಮೆ ಒಟ್ಟಿಗೆ ಓದಿ. ಬಡವರಿಗೆ ನ್ಯಾಯ ತಪ್ಪಿಸುತ್ತಾ ಹಾಡುವವರ ಹಾಡಿನ ಗದ್ದಲ ನನಗೆ ಬೇಡ ಅಂತ ದೇವರು ಅಲ್ಲಿ ಹೇಳುತ್ತಾನೆ. ಗಾಯನ ತಂಡದ ಒಳಗೇ ಯಾರನ್ನಾದರೂ ಕಡೆಗಣಿಸಿದ್ದರೆ ಅದನ್ನು ಸರಿಮಾಡಿ ಆಮೇಲೆ ಶ್ರುತಿ ಕೂಡಿಸಿ.

ಏಳನೆಯದು: ಸದ್ದು ನಿಲ್ಲಿಸಿ

ದಿನದಲ್ಲಿ ಒಂದು ಹೊತ್ತು ಯಾವ ಸಂಗೀತವೂ ಬೇಡ, ಭಕ್ತಿಗೀತೆಯೂ ಬೇಡ. ಸಂಗೀತಪ್ರಿಯರು ಪ್ರಾರ್ಥನೆ ಮಾಡುವಾಗಲೂ ಹಿನ್ನೆಲೆಯಲ್ಲಿ ಏನಾದರೂ ಹಾಕಿಕೊಂಡಿರುತ್ತಾರೆ. ಹತ್ತು ನಿಮಿಷ ಅದಿಲ್ಲದೆ ಕೂತು ನೋಡಿ. ಮೊದಮೊದಲು ತಲೆಯಲ್ಲಿ ಯಾವುದೋ ಹಾಡು ಸುತ್ತುತ್ತಲೇ ಇರುತ್ತದೆ, ಸುತ್ತಲಿ.

ಎಂಟನೆಯದು: ಕಂಠಪಾಠ ಮಾಡಿ, ಮುಂದಿನ ವರ್ಷಗಳಿಗಾಗಿ

ತಿಂಗಳಿಗೆ ಒಂದು ಗೀತೆಯ ಎಲ್ಲ ಚರಣಗಳನ್ನೂ ಪುಸ್ತಕ ನೋಡದೆ ಹಾಡುವಂತೆ ಕಲಿಯಿರಿ. ಪರದೆಯ ಮೇಲೆ ಮಾತು ಬರುವ ಅಭ್ಯಾಸದಿಂದ ನಮಗೆ ಪಲ್ಲವಿಯಾಚೆಗೆ ನೆನಪೇ ಇರುವುದಿಲ್ಲ. ಮೊದಲ ವಾರ ಮೊದಲ ಚರಣ, ಎರಡನೇ ವಾರ ಎರಡು ಸೇರಿಸಿ, ಹೀಗೆ. ಪಾತ್ರೆ ತೊಳೆಯುವಾಗ, ನಡೆಯುವಾಗ ಹಾಡಿಕೊಳ್ಳಿ. ಮಾತು ಮರೆತರೆ ತಕ್ಷಣ ಪುಸ್ತಕ ತೆಗೆಯಬೇಡಿ. ಚರಣದಿಂದ ಚರಣಕ್ಕೆ ಅರ್ಥ ಹೇಗೆ ಮುಂದುವರಿಯುತ್ತದೆ ಅಂತ ಯೋಚಿಸಿ, ಎಷ್ಟೋ ಸಲ ಮಾತು ತಾನೇ ಬರುತ್ತದೆ.

ಇದಕ್ಕೆ ದೂರದ ಕಾರಣವೂ ಇದೆ. ಮರೆವಿನ ಕಾಯಿಲೆಯಿಂದ ಸ್ವಂತ ಮಕ್ಕಳ ಹೆಸರೂ ಮರೆತ ಹಿರಿಯರು ಎಳೆಯ ವಯಸ್ಸಿನಲ್ಲಿ ಕಲಿತ ಗೀತೆಯನ್ನು ಯಾರಾದರೂ ಶುರು ಮಾಡಿದರೆ ಜೊತೆಗೆ ಹಾಡುವುದನ್ನು ಅಂಥವರನ್ನು ನೋಡಿಕೊಳ್ಳುವವರು ಕಂಡಿರುತ್ತಾರೆ. ಅವರನ್ನು ಭೇಟಿಯಾಗಲು ಹೋದಾಗ ಹೊಸ ಹಾಡು ಹಾಡಬೇಡಿ. ಅವರ ಕಾಲದ ಗೀತಪುಸ್ತಕ ತೆಗೆದುಕೊಂಡು ಹೋಗಿ. ಎರಡು ಸ್ವರ ಇಳಿಸಿ, ನಿಧಾನವಾಗಿ, ಮುಖ ನೋಡುತ್ತಾ ಹಾಡಿ. ಸಾಲಿನ ಕೊನೆಯ ಪದಕ್ಕೆ ಮುಂಚೆ ಸ್ವಲ್ಪ ತಡೆದರೆ ಅದನ್ನು ಅವರೇ ಹಾಡಬಹುದು.

ನಿಮ್ಮ ದನಿಯೂ ವಯಸ್ಸಿನ ಜೊತೆ ತಗ್ಗುತ್ತದೆ, ಉಸಿರು ಚಿಕ್ಕದಾಗುತ್ತದೆ. ಆಗ ಗಾಯನ ತಂಡ ಬಿಡಬೇಕಾಗಬಹುದು, ಹಾಡು ಬಿಡಬೇಕಿಲ್ಲ. ಶ್ರುತಿ ಇಳಿಸಿ. ಉದ್ದದ ಸಾಲನ್ನು ಎರಡು ಉಸಿರಿನಲ್ಲಿ ಹಾಡಿ. ನಿಮಗೆ ಬಾಯಿಪಾಠ ಇರುವ ಗೀತೆಗಳ ಪಟ್ಟಿಯನ್ನು ಆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಸಭೆಯ ಒಬ್ಬ ಹುಡುಗನಿಗೋ ಹುಡುಗಿಗೋ ಅದರಲ್ಲಿ ಒಂದನ್ನು ಈ ವರ್ಷವೇ ಕಲಿಸಿ.